ಕುದುರೆ ಬಿಟ್ಟು ಉಳಿದ ಅಸಟೀಗ್

ಅಸಟೀಗ್‌ಗೆ ಹೋಗಿ ಬಂದೆ ಅಂದ ತಕ್ಷಣ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ. ಆ ದ್ವೀಪದ ಕಾಡು ಕುದುರೆ ಸಿಕ್ಕಿದ್ವಾ? ಸಿಗುತ್ತವೆ, ಯಾಕೆ ಸಿಗಲ್ಲ. ಸೇತುವೆ ದಾಟಿ ಸ್ವಲ್ಪ ದೂರ ಹೋದರೆ ರಸ್ತೆ ಬದಿಯಲ್ಲೇ ನಿಂತಿರುತ್ತವೆ. ಕೆಲವು ಸಲ ರಸ್ತೆಯ ನಡುವೆಯೇ. ಹಿಂದೆ ಕಾರುಗಳು ಸಾಲುಗಟ್ಟಿದರೂ ಅವಕ್ಕೇನೂ ಅವಸರವಿಲ್ಲ. ಜನ ಕಿಟಕಿ ಇಳಿಸಿ ಫೋಟೊ ತೆಗೆಯುತ್ತಾರೆ, ಬೀಚಿನಲ್ಲಿ ಒಂದಷ್ಟು ಹೊತ್ತು ಕೂರುತ್ತಾರೆ, ವಾಪಸ್ ಹೊರಡುತ್ತಾರೆ. ಅದರಲ್ಲಿ ತಪ್ಪೇನಿಲ್ಲ. ಆದರೆ ಮೇ ಕೊನೆಯಿಂದ ಜೂನ್ ಮಧ್ಯದವರೆಗೆ ಈ ದ್ವೀಪದಲ್ಲಿ ಏನೇನು ನಡೆಯುತ್ತದೋ ಅದರಲ್ಲಿ ಕುದುರೆಯದು ಚಿಕ್ಕ ಪಾತ್ರ. ನನ್ನನ್ನು ಕೇಳಿದರೆ ಅಷ್ಟೇನೂ ಸ್ವಾರಸ್ಯದ ಪಾತ್ರವೂ ಅಲ್ಲ.

ಗೊತ್ತಿಲ್ಲದವರಿಗೆ ಎರಡು ಮಾತು. ಅಮೆರಿಕದ ಪೂರ್ವ ಕರಾವಳಿಯಲ್ಲಿ, ಮೇರಿಲ್ಯಾಂಡ್ ಮತ್ತು ವರ್ಜೀನಿಯಾ ರಾಜ್ಯಗಳಿಗೆ ಹಂಚಿಹೋಗಿರುವ 37 ಮೈಲಿ ಉದ್ದದ ಮರಳಿನ ಪಟ್ಟಿ ಇದು. ಇಂಥವಕ್ಕೆ ಬ್ಯಾರಿಯರ್ ಐಲ್ಯಾಂಡ್ ಅನ್ನುತ್ತಾರೆ. ಒಂದು ಬದಿ ಅಟ್ಲಾಂಟಿಕ್ ಸಾಗರ, ಇನ್ನೊಂದು ಬದಿ ಆಳವಿಲ್ಲದ ಕೊಲ್ಲಿ, ಅದರಾಚೆ ಮುಖ್ಯ ನೆಲ. ಸಾಗರದ ಏಟು ಮೊದಲು ಬೀಳುವುದು ಈ ಪಟ್ಟಿಯ ಮೇಲೆ. ಅಗಲ ತೀರಾ ಕಡಿಮೆ. ಎಷ್ಟೋ ಕಡೆ ಸಾಗರದ ದಡದಿಂದ ಕೊಲ್ಲಿಯ ದಡಕ್ಕೆ ಸುಮ್ನೆ ನಡೆದು ಹೋಗಿಬಿಡಬಹುದು. ಉತ್ತರಕ್ಕೊಂದು ಸೇತುವೆ, ದಕ್ಷಿಣಕ್ಕೊಂದು ಸೇತುವೆ. ಎರಡನ್ನೂ ಜೋಡಿಸುವ ರಸ್ತೆ ದ್ವೀಪದ ಮೇಲೆ ಇಲ್ಲ.

ಮೊದಲು ತಿಳಿಯಬೇಕಾದ ಸಂಗತಿ ಅಂದರೆ, ಈ ದ್ವೀಪ ಇದ್ದಲ್ಲಿ ಇರುವುದಿಲ್ಲ. ದೊಡ್ಡ ಬಿರುಗಾಳಿ ಬಂದಾಗ ಅಲೆಗಳು ಮರಳದಿಬ್ಬಗಳನ್ನು ಒಡೆದು ದ್ವೀಪದ ಮೇಲೇ ಹಾಯ್ದುಹೋಗುತ್ತವೆ. ಸಾಗರದ ಕಡೆಯ ಮರಳು ಕೊಲ್ಲಿಯ ಕಡೆ ಹೋಗಿ ಬೀಳುತ್ತದೆ. ಮುಂಭಾಗ ಸವೆಯುತ್ತದೆ, ಹಿಂಭಾಗ ಬೆಳೆಯುತ್ತದೆ. ಚಾಪೆ ಸುತ್ತಿದ ಹಾಗೆ ಇಡೀ ದ್ವೀಪ ಮೆಲ್ಲಗೆ ಪಶ್ಚಿಮಕ್ಕೆ ಉರುಳುತ್ತದೆ. ಸಾಗರದ ದಡದಲ್ಲಿ ನಡೆಯುವಾಗ ಅಲ್ಲಲ್ಲಿ ಮರಳಿನ ಅಡಿಯಿಂದ ಕಪ್ಪು ಜೌಗುಮಣ್ಣು, ಸತ್ತ ಮರದ ಬುಡಗಳು ಎದ್ದು ಕಾಣುತ್ತವೆ. ಅವು ಬೆಳೆದದ್ದು ಕೊಲ್ಲಿಯ ಕಡೆ. ದ್ವೀಪ ಅವುಗಳ ಮೇಲೆ ಹಾದು ಮುಂದೆ ಹೋಗಿದೆ, ಅವು ಇದ್ದಲ್ಲೇ ಉಳಿದಿವೆ. ಇದನ್ನು ಮೊದಲ ಸಲ ಯಾರೋ ತೋರಿಸಿದಾಗ ನನಗೆ ಕಾಲಡಿಯ ನೆಲದ ಬಗ್ಗೆ ಇದ್ದ ನಂಬಿಕೆ ಸ್ವಲ್ಪ ಅಲ್ಲಾಡಿತು.

ಜನ ಇದನ್ನು ನಿಲ್ಲಿಸಲು ನೋಡಿದ್ದಾರೆ. 1933ರ ಆಗಸ್ಟಿನ ಚಂಡಮಾರುತ ಓಷನ್ ಸಿಟಿ ಊರಿನ ದಕ್ಷಿಣಕ್ಕೆ ನೆಲ ಸೀಳಿ ಹೊಸ ಅಳಿವೆ ತೆರೆಯಿತು. ಅಸಟೀಗ್ ದ್ವೀಪ ಓಷನ್ ಸಿಟಿಯಿಂದ ಬೇರೆಯಾದದ್ದು ಆಗಲೇ. ದೋಣಿಗಳಿಗೆ ಅನುಕೂಲವಾಯಿತು ಅಂತ ಅಳಿವೆ ಮುಚ್ಚದ ಹಾಗೆ ಎರಡೂ ಬದಿಗೆ ಕಲ್ಲಿನ ಗೋಡೆ ಕಟ್ಟಿದರು. ಇಲ್ಲಿ ಮರಳು ದಡದ ಗುಂಟ ಉತ್ತರದಿಂದ ದಕ್ಷಿಣಕ್ಕೆ ಸಾಗುತ್ತದೆ. ಗೋಡೆ ಅದಕ್ಕೆ ಅಡ್ಡ ಬಂತು. ಓಷನ್ ಸಿಟಿ ಕಡೆ ಮರಳು ಗುಡ್ಡೆ ಬಿತ್ತು. ಈ ಕಡೆ ಅಸಟೀಗ್‌ನ ಉತ್ತರ ತುದಿ ಸೊರಗಿ, ತನ್ನ ಅಗಲಕ್ಕಿಂತ ಜಾಸ್ತಿ ಹಿಂದಕ್ಕೆ ಸರಿಯಿತು. 2004ರಿಂದ ಈಚೆಗೆ ಹಡಗಿನಲ್ಲಿ ಮರಳು ತಂದು ವರ್ಷಕ್ಕೆ ಎರಡು ಸಲ ಅದರ ಮುಂದೆ ಸುರಿಯುತ್ತಾರೆ. ಗೋಡೆ ತಡೆದ ಮರಳನ್ನು ಯಂತ್ರ ಹೊತ್ತು ದಾಟಿಸಬೇಕು.

ಇನ್ನೊಂದು ಕಥೆ 1950ರ ದಶಕದ್ದು. ದ್ವೀಪದ ಮೇರಿಲ್ಯಾಂಡ್ ಭಾಗವನ್ನು ಸಾವಿರಾರು ಸೈಟುಗಳಾಗಿ ಹಂಚಿ ಮಾರಲು ಹೊರಟಿದ್ದರು. ಬಾಲ್ಟಿಮೋರ್ ಬುಲವಾರ್ಡ್ ಅಂತ ಡಾಂಬರು ರಸ್ತೆಯೂ ಆಯಿತು. ಮನೆಗಳೂ ಒಂದೊಂದಾಗಿ ಎದ್ದವು. ಆಮೇಲೆ 1962ರ ಮಾರ್ಚಿನಲ್ಲಿ ಬಿರುಗಾಳಿಯೊಂದು ಬಂದು ಈ ಕರಾವಳಿಯ ಮೇಲೆ ಕೂತುಬಿಟ್ಟಿತು. ಐದು ಉಬ್ಬರ ಕಳೆಯುವ ತನಕ ಕದಲಲಿಲ್ಲ. ಮನೆಗಳಲ್ಲಿ ಹೆಚ್ಚಿನವು ಹೋದವು, ರಸ್ತೆ ಚೂರುಚೂರಾಯಿತು. 1965ರಲ್ಲಿ ಸರ್ಕಾರ ಇದನ್ನು ರಾಷ್ಟ್ರೀಯ ಕಡಲತೀರ ಅಂತ ಘೋಷಿಸಿತು. ದಿಬ್ಬಗಳ ನಡುವಿನ ಕಾಲುದಾರಿಯಲ್ಲಿ ಆ ಡಾಂಬರಿನ ತುಂಡುಗಳು ಈಗಲೂ ಸಿಗುತ್ತವೆ. ಜೂನ್ ತಿಂಗಳಲ್ಲಿ ಹೋದರೆ ಅದೇ ದಿಬ್ಬಗಳಲ್ಲಿ ಪಾಪಾಸುಕಳ್ಳಿ ಹಳದಿ ಹೂ ಬಿಟ್ಟಿರುತ್ತದೆ.

ಇಷ್ಟೆಲ್ಲ ಯಾಕೆ ಹೇಳಿದೆ ಅಂದರೆ, ಇಲ್ಲಿನ ಪ್ರಾಣಿಪಕ್ಷಿಗಳ ಬೇಸಿಗೆ ಅರ್ಥವಾಗುವುದು ಇದು ಗೊತ್ತಿದ್ದರೆ ಮಾತ್ರ. ಬಿರುಗಾಳಿ ಹಾಯ್ದುಹೋದ ಜಾಗ ನಮ್ಮ ಕಣ್ಣಿಗೆ ಹಾಳುಬಿದ್ದ ಜಾಗ. ದಿಬ್ಬವಿಲ್ಲ, ಹುಲ್ಲಿಲ್ಲ, ನೆರಳಿಲ್ಲ. ಬರೀ ಮರಳು, ಒಡೆದ ಚಿಪ್ಪು, ಅಲ್ಲೊಂದು ಇಲ್ಲೊಂದು ಒಣ ಕಡ್ಡಿ. ಪೈಪಿಂಗ್ ಪ್ಲವರ್ ಅನ್ನುವ ಹಕ್ಕಿಗೆ ಬೇಕಾಗಿರುವುದು ಸರಿಯಾಗಿ ಇದೇ.

ಪ್ಲವರ್ ತುಂಬ ಚಿಕ್ಕ ಹಕ್ಕಿ. ತೂಕ 50 ಗ್ರಾಂ ಆಸುಪಾಸು. ಬೆನ್ನು ಒಣ ಮರಳಿನ ಬಣ್ಣ, ಕುತ್ತಿಗೆಗೆ ಒಂದು ಕಪ್ಪು ಪಟ್ಟಿ, ಕಿತ್ತಳೆ ಬಣ್ಣದ ಕಾಲು. ಓಡುತ್ತದೆ, ಥಟ್ಟನೆ ನಿಲ್ಲುತ್ತದೆ, ನಿಂತ ಕ್ಷಣ ಮಾಯವಾಗುತ್ತದೆ. ನಿಜಕ್ಕೂ ಮಾಯ. ಕಣ್ಣು ಅಲ್ಲೇ ಇರುತ್ತದೆ, ಹಕ್ಕಿ ಕಾಣುವುದಿಲ್ಲ. ಅದರ ಗೂಡು ಅಂದರೆ ಮರಳಿನಲ್ಲಿ ಎದೆ ಒತ್ತಿ ಮಾಡಿದ ಒಂದು ತಗ್ಗು, ಅಷ್ಟೇ. ಕೆಲವು ಸಲ ಅದಕ್ಕೆ ನಾಲ್ಕು ಚಿಪ್ಪಿನ ಚೂರು ಹಾಸಿರುತ್ತದೆ. ಸಾಮಾನ್ಯವಾಗಿ ನಾಲ್ಕು ಮೊಟ್ಟೆ, ಮರಳಿನ ಬಣ್ಣದ ಮೇಲೆ ಕಪ್ಪು ಚುಕ್ಕಿ. ಗಂಡು ಹೆಣ್ಣು ಸರದಿಯಲ್ಲಿ ನಾಲ್ಕು ವಾರದ ಹತ್ತಿರ ಕಾವು ಕೂರುತ್ತವೆ. ಬಿಸಿಲಿಗೆ ಮರಳು ಕಾಲಿಡಲಾಗದಷ್ಟು ಕಾದಾಗ ಮೊಟ್ಟೆಗೆ ನೆರಳಾಗಿ ನಿಲ್ಲುತ್ತವೆ. ಈ ಕರಾವಳಿಯ ಪ್ಲವರ್ 1986ರಿಂದ ಅಪಾಯದಲ್ಲಿರುವ ಜೀವಿಗಳ ಸರ್ಕಾರಿ ಪಟ್ಟಿಯಲ್ಲಿದೆ.

ಅದರ ಗೂಡುಗಳಿರುವ ಜಾಗಕ್ಕೆ ಗೂಟ ನೆಟ್ಟು ಹಗ್ಗ ಕಟ್ಟಿ ಬೋರ್ಡ್ ಹಾಕಿರುತ್ತಾರೆ. ಒಳಗೆ ಹೋಗುವ ಹಾಗಿಲ್ಲ. ನಾಯಿ ತರುವ ಹಾಗಿಲ್ಲ, ಗಾಳಿಪಟ ಹಾರಿಸುವ ಹಾಗಿಲ್ಲ. ಮೇಲೆ ಗಾಳಿಪಟ ಹಾರಿದರೆ ಹದ್ದು ಬಂತು ಅಂತ ಹಕ್ಕಿ ಕಾವು ಬಿಟ್ಟು ಏಳುತ್ತದೆ. ನಾನು ಹಗ್ಗದಿಂದ ಹೊರಗೆ, ಸಾಕಷ್ಟು ದೂರದಲ್ಲಿ, ಮರಳಿನ ಮೇಲೆ ಹೊಟ್ಟೆ ಹಚ್ಚಿ ಮಲಗಿ ಬೈನಾಕ್ಯುಲರ್ ಹಿಡಿದು ನೋಡುತ್ತೇನೆ. ನಿಂತರೆ ಆಳು, ಮಲಗಿದರೆ ಕೊರಡು. ಹಕ್ಕಿ ಕೊರಡನ್ನು ಜಾಸ್ತಿ ಲೆಕ್ಕಕ್ಕೆ ಇಟ್ಟುಕೊಳ್ಳುವುದಿಲ್ಲ.

ಮೊಟ್ಟೆಯೊಡೆದ ಕೆಲವೇ ಗಂಟೆಗಳಲ್ಲಿ ಮರಿ ನಡೆಯುತ್ತದೆ. ಅಪ್ಪ ಅಮ್ಮ ಗುಟುಕು ಕೊಡುವ ಪದ್ಧತಿ ಇಲ್ಲ. ಊಟ ತಾನೇ ಹುಡುಕಿಕೊಳ್ಳಬೇಕು. ಒದ್ದೆ ಮರಳಿನ ಅಂಚಿಗೆ ಓಡುತ್ತದೆ, ಒಂದು ಹುಳವನ್ನು ಕುಕ್ಕುತ್ತದೆ, ತಪ್ಪುತ್ತದೆ, ಮತ್ತೆ ಓಡುತ್ತದೆ. ದೊಡ್ಡ ಹಕ್ಕಿಗಳಿಗೆ ಒಂದು ವಿದ್ಯೆ ಗೊತ್ತು. ಒಂದು ಕಾಲನ್ನು ಮುಂದೆ ಚಾಚಿ ಒದ್ದೆ ಮರಳಿನ ಮೇಲೆ ಟಪಟಪ ನಡುಗಿಸುತ್ತವೆ. ಒಳಗಿನ ಹುಳ ಅಲುಗಾಡಿತೋ, ಕೊಕ್ಕು ಇಳಿಯಿತು. ಗಾಳಿ ತಣ್ಣಗಾದರೆ ಮರಿಗಳು ಓಡಿಬಂದು ದೊಡ್ಡದರ ಹೊಟ್ಟೆಯಡಿ ತೂರಿಕೊಳ್ಳುತ್ತವೆ. ಆಗ ನೋಡಬೇಕು. ಒಂದೇ ಹಕ್ಕಿ, ಕೆಳಗೆ ಕಾಲು ಮಾತ್ರ ಎಂಟೋ ಹತ್ತೋ. ಒಂದೆರಡು ಹೊರಗೆ ಉಳಿದು ಒದ್ದಾಡುತ್ತಿರುತ್ತವೆ. ಎಷ್ಟೋ ಸಂಸಾರಗಳಲ್ಲಿ ಹೆಣ್ಣು ಬೇಗ ಹೊರಟುಹೋಗುತ್ತದೆ. ಮರಿ ಹಾರುವ ತನಕ ಕಾಯುವುದು ಗಂಡು.

ನರಿ, ಕಾಗೆ, ಗಲ್ ಅನ್ನುವ ಕಡಲಹಕ್ಕಿ, ಎಲ್ಲಕ್ಕೂ ಈ ಮರಿ ಒಂದೇ ತುತ್ತು. ಗೋಸ್ಟ್ ಏಡಿ ಅಂತ ಮರಳು ಬಣ್ಣದ ಏಡಿ ಇದೆ. ಕಣ್ಣು ಕಡ್ಡಿಯ ತುದಿಯಲ್ಲಿ, ಓಟ ಅಡ್ಡಡ್ಡ, ಬಿಲ ಮೊಣಕೈಗೂ ಸಿಗದಷ್ಟು ಆಳ. ಅದೂ ಅವಕಾಶ ಸಿಕ್ಕರೆ ಬಿಡುವುದಿಲ್ಲ. ನರಿ ಹತ್ತಿರ ಬಂದರೆ ದೊಡ್ಡ ಪ್ಲವರ್ ರೆಕ್ಕೆ ಮುರಿದವರ ಹಾಗೆ ನೆಲಕ್ಕೆ ಎಳೆದುಕೊಂಡು ಬೇರೆ ದಿಕ್ಕಿಗೆ ಹೋಗುತ್ತದೆ. ಸುಲಭದ ಬೇಟೆ ಅಂತ ನರಿ ಹಿಂದೆ ಬಿದ್ದು ಸಾಕಷ್ಟು ದೂರ ಬಂದ ಮೇಲೆ ಹಾರಿಬಿಡುತ್ತದೆ. ಹುಲ್ಲು ದಟ್ಟವಾಗಿರುವ ಕಡೆ ನರಿ ಅಡಗಿ ಬರಬಹುದು, ಬಯಲಿನಲ್ಲಿ ಆಗುವುದಿಲ್ಲ. ಜೊತೆಗೆ ದಿಬ್ಬದ ಗೋಡೆ ಇಲ್ಲದ ಕಡೆ ಮರಿಗಳು ಸಾಗರದಿಂದ ಕೊಲ್ಲಿಯ ಕೆಸರಿಗೆ ನಡೆದೇ ಹೋಗಿ ಹೊಟ್ಟೆ ತುಂಬಿಸಿಕೊಳ್ಳಬಹುದು. ಬಿರುಗಾಳಿಯ ಹಾಳು ಅನ್ನುವುದರ ಹಿಂದೆ ಇಷ್ಟು ಲೆಕ್ಕ ಇದೆ. ಗೋಡೆ ಕಟ್ಟಿ, ಹುಲ್ಲು ನೆಟ್ಟು, ದಿಬ್ಬ ಎಬ್ಬಿಸಿ ದ್ವೀಪವನ್ನು ಭದ್ರ ಮಾಡಿದಷ್ಟೂ ಈ ಹಕ್ಕಿಗೆ ಜಾಗ ಕಡಿಮೆ.

ಇದೇ ಬಯಲಿನಲ್ಲಿ ಇನ್ನೂ ಕೆಲವರ ಸಂಸಾರ. ಲೀಸ್ಟ್ ಟರ್ನ್ ಅನ್ನುವ ಪುಟ್ಟ ಬಿಳಿ ಹಕ್ಕಿಯ ಗಂಡು ಬಾಯಲ್ಲಿ ಮೀನು ಕಚ್ಚಿಕೊಂಡು ಬಂದು ಹೆಣ್ಣಿಗೆ ಕೊಡುತ್ತದೆ. ಗೂಡಿನ ಹತ್ತಿರ ಹೋದರೆ ಇದೇ ಹಕ್ಕಿ ತಲೆಯ ಮೇಲೆ ನೇರ ಎರಗುತ್ತದೆ. ಗುರಿಯಿಟ್ಟು ಹಿಕ್ಕೆಯನ್ನೂ ಹಾಕುತ್ತದೆ. ನನ್ನ ಟೋಪಿ ಸಾಕ್ಷಿ. ಬ್ಲ್ಯಾಕ್ ಸ್ಕಿಮ್ಮರ್‌ಗಳದ್ದು ಬೇರೆ ಗತ್ತು. ಮೇಲಿನ ಕೊಕ್ಕಿಗಿಂತ ಕೆಳಗಿನದು ಉದ್ದ. ನೀರಿಗೆ ಕೆಳಗಿನ ಕೊಕ್ಕು ತಾಗಿಸಿ ಗೆರೆ ಎಳೆಯುತ್ತಾ ಹಾರುತ್ತವೆ, ಮೀನು ತಗುಲಿದರೆ ಬಾಯಿ ಮುಚ್ಚುತ್ತದೆ. ಮೊಟ್ಟೆಯಿಂದ ಬಂದಾಗ ಮರಿಯ ಎರಡೂ ಕೊಕ್ಕು ಸಮವೇ ಇರುತ್ತವೆ. ನೆಲದಲ್ಲಿ ಬಿದ್ದ ಮೀನು ಎತ್ತಿಕೊಳ್ಳಲು ಅದೇ ಸುಲಭ ಅಲ್ವಾ. ಹಾರುವ ವಯಸ್ಸು ಬರುವ ಹೊತ್ತಿಗೆ ಕೆಳಗಿನದು ಉದ್ದವಾಗುತ್ತದೆ.

ದಿಬ್ಬ ದಾಟಿ ಒಳಗೆ ಬಂದರೆ ಬೇರೆ ಲೋಕ. ಮಳೆ ನಿಂತ ಸಂಜೆ ತಗ್ಗಿನ ಸಿಹಿನೀರಿನ ಹೊಂಡಗಳಿಂದ ಫೌಲರ್ಸ್ ನೆಲಗಪ್ಪೆಗಳ ಕೂಗು ಏಳುತ್ತದೆ. ಹಾಡು ಅನ್ನಲು ಬರುವುದಿಲ್ಲ, ಅಳು ಅನ್ನಬಹುದು. ಆ ಕಪ್ಪೆಗಳನ್ನು ತಿನ್ನಲು ಹಾಗ್‌ನೋಸ್ ಹಾವು ಬರುತ್ತದೆ. ಮೂಗು ಮೇಲಕ್ಕೆ ಮಡಚಿದ, ಗಿಡ್ಡ, ದಪ್ಪ ಹಾವು. ಮನುಷ್ಯರಿಗೆ ನಿರಪಾಯ. ಆದರೆ ಅದರ ನಾಟಕ ನೋಡಬೇಕು. ಕಾಲುದಾರಿಯಲ್ಲಿ ಒಂದು ಎದುರಾಯಿತು. ಮೊದಲು ಕುತ್ತಿಗೆ ಅಗಲಿಸಿ ಬುಸ್ ಅಂತ ಎದ್ದಿತು. ನಾನು ಕದಲಲಿಲ್ಲ. ಬಾಯಿ ಮುಚ್ಚಿಕೊಂಡೇ ಎರಡು ಸಲ ಕುಟುಕುವ ಹಾಗೆ ಮಾಡಿತು. ಅದಕ್ಕೂ ಹೆದರದಿದ್ದಾಗ ಮೈ ತಿರುಚಿ, ಒದ್ದಾಡಿ, ಅಂಗಾತ ಬಿದ್ದು, ಬಾಯಿ ತೆರೆದು ನಾಲಿಗೆ ಹೊರಚೆಲ್ಲಿ ಸತ್ತುಹೋಯಿತು. ಕೊಳೆತ ವಾಸನೆಯೂ ಬಂತು. ಸತ್ತ ಹಾವನ್ನು ಕಡ್ಡಿಯಿಂದ ಮಗುಚಿ ಸರಿಯಾಗಿ ಮಲಗಿಸಿದರೆ ಅದು ತಕ್ಷಣ ಮತ್ತೆ ಅಂಗಾತ ಮಗುಚಿಕೊಳ್ಳುತ್ತದಂತೆ, ಸತ್ತ ಹಾವು ಅಂಗಾತವೇ ಇರಬೇಕು ಅನ್ನುವುದು ಅದರ ಹಟ. ನಾನು ಮುಟ್ಟಲು ಹೋಗಲಿಲ್ಲ. ಹಿಂದೆ ಸರಿದು ಪೊದೆಯ ಮರೆಗೆ ನಿಂತೆ. ಸ್ವಲ್ಪ ಹೊತ್ತಿಗೆ ತಲೆ ಎತ್ತಿ ಆಚೀಚೆ ನೋಡಿ, ಏನೂ ಆಗೇ ಇಲ್ಲ ಅನ್ನುವ ಹಾಗೆ ಹುಲ್ಲಿನೊಳಗೆ ಹೋಯಿತು.

ಕೊಲ್ಲಿಯ ಕಡೆಗೆ ಬಂದರೆ ಅಲೆಯ ಸದ್ದಿಲ್ಲ. ಉಪ್ಪುನೀರಿನ ಜೌಗು, ಆಳೆತ್ತರವೂ ಇಲ್ಲದ ಹುಲ್ಲು, ನಡುವೆ ಮರಳಿನ ಸಣ್ಣಸಣ್ಣ ದಡಗಳು. ಇಲ್ಲಿಗೆ ಬರಬೇಕಾದ ಹೊತ್ತು ಮೇ, ಜೂನ್ ತಿಂಗಳ ಹುಣ್ಣಿಮೆ ಅಮಾವಾಸ್ಯೆಗಳ ರಾತ್ರಿ, ಉಬ್ಬರ ಮೇಲೇರುವ ಸಮಯ. ಹಾರ್ಸ್‌ಶೂ ಏಡಿಗಳು ಮೊಟ್ಟೆ ಇಡಲು ದಡಕ್ಕೆ ಬರುವುದು ಆಗಲೇ. ಏಡಿ ಅನ್ನುತ್ತಾರಾದರೂ ಇವು ಜೇಡ ಚೇಳುಗಳಿಗೆ ಹತ್ತಿರದ ನೆಂಟರು. ಇವುಗಳ ವಂಶ ಭೂಮಿಯ ಮೇಲೆ ಕಾಣಿಸಿಕೊಂಡು 40 ಕೋಟಿ ವರ್ಷಕ್ಕೂ ಜಾಸ್ತಿ ಆಯಿತು. ಡೈನೋಸಾರ್‌ಗಳು ಬಂದು ಹೋದದ್ದು ಇವುಗಳ ಕಣ್ಣೆದುರು. ಕಣ್ಣೂ ಒಂದೆರಡಲ್ಲ, ಬೆನ್ನ ಮೇಲೆ, ಹೊಟ್ಟೆಯಡಿ, ಬಾಲದ ಗುಂಟ ಬೆಳಕು ಗುರುತಿಸುವ ಅಂಗಗಳಿವೆ.

ಟಾರ್ಚಿನ ಕೆಂಪು ಬೆಳಕಿನಲ್ಲಿ ಮೊದಲು ಕಾಣುವುದು ಒದ್ದೆ ಚಿಪ್ಪಿನ ಹೊಳಪು. ಹೆಣ್ಣು ದೊಡ್ಡದು, ಗಂಡು ಚಿಕ್ಕದು. ಗಂಡು ತನ್ನ ಮುಂಗಾಲಿನ ಕೊಕ್ಕೆಗಳಿಂದ ಹೆಣ್ಣಿನ ಚಿಪ್ಪಿನ ಹಿಂಭಾಗ ಹಿಡಿದು ಅಂಟಿಕೊಂಡಿರುತ್ತದೆ. ಹೆಣ್ಣು ಅದನ್ನೂ ಎಳೆದುಕೊಂಡೇ ದಡ ಹತ್ತುತ್ತದೆ. ಜೋಡಿ ಸಿಗದ ಗಂಡುಗಳು ಸುತ್ತಲೂ ನೂಕಾಡುತ್ತವೆ. ಚಿಪ್ಪಿಗೆ ಚಿಪ್ಪು ತಾಗುವ ಟಕ್ ಟಕ್ ಸದ್ದು ಬಿಟ್ಟರೆ ಬೇರೆ ಗಲಾಟೆ ಇಲ್ಲ. ಹೆಣ್ಣು ಮರಳಿನಲ್ಲಿ ಹೂತುಕೊಂಡು ಒಂದು ಸಲಕ್ಕೆ ಸುಮಾರು 4000 ಹಸಿರು ಮೊಟ್ಟೆ ಇಡುತ್ತದೆ. ಒಂದು ಬೇಸಿಗೆಯಲ್ಲಿ ಒಟ್ಟು 80,000 ಆಗಬಹುದು. ಇಷ್ಟು ಮಾಡುವ ವಯಸ್ಸು ಬರಲು ಅದು ಹತ್ತು ವರ್ಷದ ಹತ್ತಿರ ಬದುಕಿರಬೇಕು.

ಅಲೆ ಮಗುಚಿ ಹಾಕಿದ ಏಡಿಗಳು ಅಂಗಾತ ಬಿದ್ದು ಕಾಲಾಡಿಸುತ್ತಿರುತ್ತವೆ. ಉದ್ದ ಬಾಲವನ್ನು ಮರಳಿಗೆ ಊರಿ ತಿರುಗಿಕೊಳ್ಳಲು ನೋಡುತ್ತವೆ. ಆಗದಿದ್ದರೆ ಬೆಳಗಾಗುವಷ್ಟರಲ್ಲಿ ಗಲ್‌ಗಳು ಕಿವಿರು ಕಿತ್ತು ತಿನ್ನುತ್ತವೆ. ಚಿಪ್ಪಿನ ಬದಿ ಹಿಡಿದು ತಿರುಗಿಸಿ ಬಿಡಬಹುದು. ಬಾಲ ಹಿಡಿದು ಎತ್ತಬಾರದು, ಬುಡ ಕಳಚಿ ಗಾಯವಾಗುತ್ತದೆ. ಎತ್ತಿದಾಗ ಕೆಳಗೆ ನೋಡಿದರೆ ಐದು ಜೊತೆ ನಡೆಯುವ ಕಾಲು, ಕಾಲುಗಳ ಬುಡದ ನಡುವೆ ಬಾಯಿ, ಹಿಂದೆ ಪದರ ಪದರವಾಗಿ ಏಳುತ್ತಾ ಇಳಿಯುತ್ತಾ ಇರುವ ಕಿವಿರು. ಕಾಲಿನ ತುದಿಯ ಚಿಮುಟ ನೋಡಿ ಹೆದರುವವರಿದ್ದಾರೆ. ಕಚ್ಚುವುದಿಲ್ಲ, ಕುಟುಕುವುದಿಲ್ಲ. ಚಿಪ್ಪಿನ ಮೇಲೆ ಬಾರ್ನಕಲ್ ಅನ್ನುವ ಅಂಟಿಕೊಂಡು ಬದುಕುವ ಚಿಪ್ಪುಜೀವಿ, ಶಂಖದ ಹುಳಗಳು ಮನೆ ಮಾಡಿಕೊಂಡಿರುತ್ತವೆ. ಮುದಿ ಏಡಿ ಒಂದು ಸಣ್ಣ ಊರನ್ನೇ ಹೊತ್ತು ತಿರುಗುತ್ತಿರುತ್ತದೆ.

ಇದರ ರಕ್ತ ನೀಲಿ, ಯಾಕೆಂದರೆ ಆಮ್ಲಜನಕ ಸಾಗಿಸಲು ಅದರಲ್ಲಿ ಕಬ್ಬಿಣದ ಬದಲು ತಾಮ್ರ ಇದೆ. ಬ್ಯಾಕ್ಟೀರಿಯಾದ ವಿಷ ಒಂದಿಷ್ಟು ತಾಗಿದರೂ ಆ ರಕ್ತ ಹೆಪ್ಪುಗಟ್ಟುತ್ತದೆ. ಚುಚ್ಚುಮದ್ದು, ಲಸಿಕೆ, ಮೈಯೊಳಗೆ ಇಡುವ ಉಪಕರಣಗಳು ಶುದ್ಧವಾಗಿವೆಯೇ ಅಂತ ಪರೀಕ್ಷಿಸಲು ಈ ಗುಣವನ್ನೇ ಬಳಸುತ್ತಾರೆ. ಅಮೆರಿಕದಲ್ಲಿ ಈ ಪರೀಕ್ಷೆಗೆ ಒಪ್ಪಿಗೆ ಸಿಕ್ಕಿದ್ದು 1977ರಲ್ಲಿ. ಅಂದಿನಿಂದ ಏಡಿಗಳನ್ನು ಹಿಡಿದು, ರಕ್ತ ತೆಗೆದು, ಮತ್ತೆ ನೀರಿಗೆ ಬಿಡುವ ವ್ಯವಹಾರ ನಡೆದಿದೆ. ಬಿಟ್ಟವೆಲ್ಲ ಬದುಕುವುದಿಲ್ಲ. ಲ್ಯಾಬಿನಲ್ಲೇ ತಯಾರಿಸಿದ ಬದಲಿ ವಸ್ತು ಈಗ ಇದೆ. ಅದು ಇದ್ದೂ ಇನ್ನೂ ಏಡಿಯ ಹಿಂದೆಯೇ ಬೀಳುವುದು ನನಗಂತೂ ಸೋಮಾರಿತನ ಅನ್ನಿಸುತ್ತದೆ. ಲಸಿಕೆ ಹಾಕಿಸಿಕೊಂಡ ನಾವೆಲ್ಲ ಈ ಪ್ರಾಣಿಗೆ ಸ್ವಲ್ಪ ಸಾಲಗಾರರು.

ಮೊಟ್ಟೆಗಳ ಲೆಕ್ಕ ಇಲ್ಲಿಗೆ ಮುಗಿಯುವುದಿಲ್ಲ. ದಕ್ಷಿಣ ಅಮೆರಿಕದ ತುತ್ತತುದಿಯಿಂದ ಕೆನಡಾದ ಹಿಮನಾಡಿಗೆ ಹೋಗುವ ರೆಡ್ ನಾಟ್ ಅನ್ನುವ ಹಕ್ಕಿ ಮೇ ತಿಂಗಳಲ್ಲಿ ಈ ಕರಾವಳಿಯಲ್ಲಿ ಇಳಿಯುತ್ತದೆ. ಅವುಗಳ ದೊಡ್ಡ ಸಂತೆ ಉತ್ತರದ ಡೆಲವೇರ್ ಕೊಲ್ಲಿಯಲ್ಲಿ. ಹಾರ್ಸ್‌ಶೂ ಏಡಿಗಳು ಎಲ್ಲಕ್ಕಿಂತ ಜಾಸ್ತಿ ಮೊಟ್ಟೆ ಇಡುವುದೂ ಅಲ್ಲೇ. ಮೂಳೆ ಚಕ್ಕಳವಾಗಿ ಬಂದ ಹಕ್ಕಿ ಎರಡು ವಾರದಲ್ಲಿ ಮೊಟ್ಟೆ ತಿಂದು ತೂಕ ಎರಡರಷ್ಟು ಮಾಡಿಕೊಳ್ಳುತ್ತದೆ, ಆಮೇಲೆ ಹಿಮನಾಡಿಗೆ ಹಾರುತ್ತದೆ. ಏಡಿಗಳನ್ನು ಈಲ್ ಮೀನು, ದೊಡ್ಡ ಶಂಖದ ಹುಳ ಹಿಡಿಯುವ ಬೋನುಗಳಿಗೆ ಎರೆಯಾಗಿ ಲಾರಿಗಟ್ಟಲೆ ಹಿಡಿದ ವರ್ಷಗಳಲ್ಲಿ ಮೊಟ್ಟೆ ಕಡಿಮೆಯಾಯಿತು, ಹಿಂದೆಯೇ ಹಕ್ಕಿಯೂ ಕಡಿಮೆಯಾಯಿತು. 2014ರಲ್ಲಿ ರೆಡ್ ನಾಟ್ ಕೂಡ ಅಪಾಯದ ಪಟ್ಟಿಗೆ ಸೇರಿತು. ಅಸಟೀಗ್‌ನಲ್ಲಿ ಸಿಗುವುದು ಚಿಕ್ಕ ಗುಂಪುಗಳು. ಎದೆಯೆಲ್ಲ ಇಟ್ಟಿಗೆ ಬಣ್ಣ, ತಲೆ ಎತ್ತದೆ ಮರಳಿಗೆ ಕೊಕ್ಕು ಚುಚ್ಚುತ್ತಲೇ ಇರುತ್ತವೆ. ನಿಂತು ನೋಡುವವರ ಕಡೆ ಲಕ್ಷ್ಯ ಕೊಡಲು ಅವಕ್ಕೆ ಪುರುಸೊತ್ತಿಲ್ಲ.

ಜೂನ್ ತಿಂಗಳಲ್ಲಿ ಟೆರಪಿನ್ ಆಮೆಗಳ ಹೆಣ್ಣುಗಳು ಜೌಗಿನಿಂದ ಹೊರಬಂದು ಮೊಟ್ಟೆಗೆ ಒಣ ಮರಳು ಹುಡುಕುತ್ತವೆ. ರಸ್ತೆ ದಾಟುತ್ತವೆ. ಅವಕ್ಕೆ ರಸ್ತೆ ಬದಿಯ ಸಡಿಲ ಮಣ್ಣೂ ದಿಬ್ಬವೇ. ಒಂದು ಕಾಲಕ್ಕೆ ಇದರ ಸೂಪು ದೊಡ್ಡವರ ಊಟವಾಗಿತ್ತು, ಹಿಡಿದು ಹಿಡಿದು ಮುಗಿಸುತ್ತಾ ಬಂದಿದ್ದರು. ಮೇರಿಲ್ಯಾಂಡ್ ಇದನ್ನು ಮಾರಾಟಕ್ಕೆ ಹಿಡಿಯುವುದನ್ನು 2007ರಲ್ಲಿ ನಿಲ್ಲಿಸಿತು. ಮರಿ ಗಂಡೋ ಹೆಣ್ಣೋ ಅನ್ನುವುದನ್ನು ಮರಳಿನ ಬಿಸಿ ತೀರ್ಮಾನಿಸುತ್ತದೆ. ಕಾರಿನಲ್ಲಿ ಹೋಗುವಾಗ ಸಿಕ್ಕರೆ ಅದು ಯಾವ ದಿಕ್ಕಿಗೆ ಮುಖ ಮಾಡಿದೆಯೋ ಅದೇ ದಿಕ್ಕಿಗೆ ದಾಟಿಸಿ ಬಿಡಿ. ನೀರಿನ ಕಡೆ ಬಿಟ್ಟರೆ ಪುಣ್ಯ ಅಂದುಕೊಂಡರೆ, ಅದು ಮತ್ತೆ ಅದೇ ರಸ್ತೆಗೆ ಬರುತ್ತದೆ.

ಜೌಗಿನಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಸಾಲ್ಟ್‌ಮಾರ್ಷ್ ಗುಬ್ಬಿ. ಕಣ್ಣಿಗೆ ಬೀಳುವುದು ಅಪರೂಪ, ಬಿದ್ದರೂ ಹುಲ್ಲಿನ ನಡುವೆ ಕಂದು ಬಣ್ಣದ ಏನೋ ಓಡಿತು ಅಷ್ಟೇ. ಆದರೆ ಅದರ ಪಂಚಾಂಗ ಕೇಳಿ. ಗೂಡು ಕಟ್ಟುವುದು ಹುಲ್ಲಿನಲ್ಲಿ, ನೆಲದಿಂದ ಗೇಣು ಎತ್ತರದಲ್ಲಿ. ತಿಂಗಳ ದೊಡ್ಡ ಉಬ್ಬರ ಬಂದಾಗ ಜೌಗು ಮುಳುಗುತ್ತದೆ, ಗೂಡೂ ಮುಳುಗುತ್ತದೆ. ಆ ನೀರು ಇಳಿದ ಕೂಡಲೇ ಹೆಣ್ಣು ಮತ್ತೆ ಕಟ್ಟಲು ಶುರು ಮಾಡುತ್ತದೆ. ಕಟ್ಟಿ, ಮೊಟ್ಟೆ ಇಟ್ಟು, ಕಾವು ಕೂತು, ಮರಿ ಹುಲ್ಲು ಹತ್ತುವಷ್ಟು ಬೆಳೆಯುವ ತನಕ ಮೂರೂವರೆ ವಾರ. ಮುಂದಿನ ದೊಡ್ಡ ಉಬ್ಬರಕ್ಕೆ ನಾಲ್ಕು ವಾರ. ಮಧ್ಯೆ ಇರುವ ಬಿಡುವು ಅಷ್ಟೇ. ಗಂಡಿನ ಸಹಾಯ ಶೂನ್ಯ. ಸಮುದ್ರ ಮೇಲೇರುತ್ತಿರುವುದರಿಂದ ಆ ಬಿಡುವು ಕಿರಿದಾಗುತ್ತಿದೆ. ಈ ಗುಬ್ಬಿಯ ಸಂಖ್ಯೆ ಬೇಗ ಇಳಿಯುತ್ತಿರುವುದಕ್ಕೆ ಮುಖ್ಯ ಕಾರಣ ಇದೇ. ಜೌಗು ಹಿಂದಕ್ಕೆ ಸರಿದು ಎತ್ತರದ ನೆಲ ಹುಡುಕಬಹುದು, ಆದರೆ ಎಷ್ಟೋ ಕಡೆ ಹಿಂದೆ ರಸ್ತೆಯೋ ಮನೆಯೋ ಹೊಲವೋ ಇರುತ್ತದೆ.

ಸೊಳ್ಳೆಯ ಬಗ್ಗೆ ಹೇಳದಿದ್ದರೆ ಈ ಬರಹ ಮೋಸ. ಇಲ್ಲಿನ ಜೌಗಿನ ಸೊಳ್ಳೆ ಮೊಟ್ಟೆ ಇಡುವುದು ನೀರಿನಲ್ಲಿ ಅಲ್ಲ, ಒದ್ದೆ ಕೆಸರಿನ ಮೇಲೆ. ದೊಡ್ಡ ಉಬ್ಬರವೋ ಮಳೆಯೋ ಬಂದು ಕೆಸರು ಮುಳುಗಿದಾಗ ಎಲ್ಲವೂ ಒಟ್ಟಿಗೆ ಒಡೆಯುತ್ತವೆ. ವಾರ ಕಳೆದ ಮೇಲೆ ದಂಡೇ ಎದ್ದು ಬರುತ್ತದೆ. ಹಗಲು ರಾತ್ರಿ ಅನ್ನುವ ಭೇದ ಇಲ್ಲ, ಪ್ಯಾಂಟಿನ ಮೇಲಿಂದಲೂ ಕಚ್ಚುತ್ತದೆ. ಹುಲ್ಲಿನಲ್ಲಿ ಉಣುಗು, ಪೊದೆಯಲ್ಲಿ ಮುಟ್ಟಿದರೆ ತುರಿಸುವ ಪಾಯ್ಸನ್ ಐವಿ ಬಳ್ಳಿ. ಜುಲೈ ಬಂತೆಂದರೆ ಹಸಿರು ಕಣ್ಣಿನ ನೊಣ ಸೇರಿಕೊಳ್ಳುತ್ತದೆ, ಅದು ಚುಚ್ಚುವುದಿಲ್ಲ, ಚರ್ಮ ಕತ್ತರಿಸುತ್ತದೆ. ಉದ್ದ ತೋಳಿನ ಅಂಗಿ ಹಾಕಿ, ಸಮುದ್ರದ ಗಾಳಿ ಬೀಸುವ ದಿನ ನೋಡಿ ಹೋಗಿ. ಕುದುರೆಗಳೇ ನೊಣದ ಕಾಟಕ್ಕೆ ಜೌಗು ಬಿಟ್ಟು ಬಂದು ಅಲೆಯಲ್ಲಿ ನಿಲ್ಲುತ್ತವೆ. ಆ ಚಂದದ ಫೋಟೊಗಳ ಹಿಂದಿನ ಸತ್ಯ ಅದು.

ಕುದುರೆ ವಿಷಯ ಬಂತಲ್ಲ, ಮುಗಿಸಿಬಿಡುತ್ತೇನೆ. ಹಡಗು ಮುಳುಗಿ ಈಜಿ ಬಂದವು ಅನ್ನುವ ಕಥೆ ಎಲ್ಲರಿಗೂ ಇಷ್ಟ. 17ನೇ ಶತಮಾನದ ಕೊನೆಗೆ ಮುಖ್ಯ ನೆಲದ ಬೇಸಾಯಗಾರರು ಬೇಲಿಯ ಖರ್ಚು, ತೆರಿಗೆ ಎರಡನ್ನೂ ತಪ್ಪಿಸಲು ಇಲ್ಲಿಗೆ ಅಟ್ಟಿದ ಸಾಕು ಕುದುರೆಗಳ ಸಂತತಿ ಅನ್ನುವುದೇ ನಂಬುವಂತಿದೆ. ರಾಜ್ಯದ ಗಡಿಯಲ್ಲಿ ಬೇಲಿ ಹಾಕಿ ಎರಡು ಹಿಂಡು ಮಾಡಿದ್ದಾರೆ. ವರ್ಜೀನಿಯಾ ಹಿಂಡಿನ ಮಾಲೀಕರು ಚಿಂಕಟೀಗ್ ಊರಿನ ಸ್ವಯಂಸೇವಕ ಅಗ್ನಿಶಾಮಕ ದಳ. ಜುಲೈ ಕೊನೆಗೆ ಕುದುರೆಗಳನ್ನು ಕಾಲುವೆಯಲ್ಲಿ ಈಜಿಸಿ, ಮರಿಗಳನ್ನು ಹರಾಜು ಹಾಕುತ್ತಾರೆ. ಮೇರಿಲ್ಯಾಂಡ್ ಕಡೆ 1994ರಿಂದ ಹೆಣ್ಣುಕುದುರೆಗಳಿಗೆ ದೂರದಿಂದ ಗರ್ಭನಿರೋಧಕದ ಚುಚ್ಚುಮದ್ದು ಹೊಡೆದು ಸಂಖ್ಯೆಯನ್ನು ಹಿಡಿತಕ್ಕೆ ತಂದರು. ಗುರಿ 80ರಿಂದ 100. ಬಿಟ್ಟರೆ ಜೌಗಿನ ಹುಲ್ಲು, ದಿಬ್ಬ ಹಿಡಿದು ನಿಲ್ಲಿಸುವ ಹುಲ್ಲು ಎರಡನ್ನೂ ಮೇಯ್ದು ಮುಗಿಸುತ್ತವೆ. ಹೊಟ್ಟೆ ಉಬ್ಬಿರುವುದು ಕೊಬ್ಬಿನಿಂದ ಅಲ್ಲ, ಉಪ್ಪು ಹುಲ್ಲು ತಿಂದು ಸಿಕ್ಕಾಪಟ್ಟೆ ನೀರು ಕುಡಿಯುವುದರಿಂದ. ಹತ್ತಿರ ಹೋದರೆ ಕಚ್ಚುತ್ತವೆ, ಒದೆಯುತ್ತವೆ. 40 ಅಡಿ ದೂರ ಇರಿ ಅನ್ನುವ ನಿಯಮ ಸುಮ್ನೆ ಮಾಡಿದ್ದಲ್ಲ.

ದಕ್ಷಿಣ ತುದಿಯಲ್ಲಿ ಚಿಂಕಟೀಗ್ ಅಭಯಾರಣ್ಯದ ಬೀಚಿಗೊಂದು ಪಾರ್ಕಿಂಗ್ ಜಾಗವಿದೆ. ಜೇಡಿಮಣ್ಣು, ಚಿಪ್ಪಿನ ಪುಡಿ ಹಾಕಿ ಮಾಡಿದ್ದು. ಪ್ರತಿ ದೊಡ್ಡ ಬಿರುಗಾಳಿಗೂ ಅಲೆ ಅದನ್ನು ಅಳಿಸುತ್ತದೆ. ಮತ್ತೆ ಮಾಡುತ್ತಾರೆ, ಮತ್ತೆ ಅಳಿಸುತ್ತದೆ. ಕೊನೆಗೆ 2015ರಲ್ಲಿ ಅದನ್ನು ಒಂದೂವರೆ ಮೈಲಿ ಉತ್ತರಕ್ಕೆ ಸರಿಸುವ ಯೋಜನೆಗೆ ಒಪ್ಪಿಗೆ ಬಿತ್ತು. ಬೀಚಿಗೆ ಬರುವವರನ್ನೇ ನಂಬಿದ ಚಿಂಕಟೀಗ್ ಊರಿಗೆ ಇದು ಆತಂಕದ ವಿಷಯ, ವರ್ಷಗಟ್ಟಲೆ ಜಗಳವಾಗಿದೆ. ಅವರ ಮಾತಿನಲ್ಲೂ ಅರ್ಥ ಇದೆ. ಆದರೆ ನೀರಿನ ಜೊತೆ ವಾದ ಮಾಡಿ ಗೆದ್ದವರು ಈ ದ್ವೀಪದಲ್ಲಿ ಇನ್ನೂ ಹುಟ್ಟಿಲ್ಲ.

ಪಾರ್ಕಿಂಗ್‌ನ ಆಚೆಗೆ ದ್ವೀಪ ಬಾಗಿ ಕೊಕ್ಕೆಯ ಹಾಗೆ ತಿರುಗುವ ಕಡೆ ಮಾರ್ಚ್ 15ರಿಂದ ಆಗಸ್ಟ್ ಕೊನೆಯ ತನಕ ಯಾರಿಗೂ ಪ್ರವೇಶವಿಲ್ಲ. ಗೂಡಿನ ಕಾಲ. ಮೀನು ಹಿಡಿಯುವವರಿಗೆ ಇದರ ಮೇಲೆ ಸಿಟ್ಟು, ಮೀನು ಚೆನ್ನಾಗಿ ಸಿಗುವುದೇ ಅಲ್ಲಿ. ಹಗ್ಗದ ಈಚೆ ಗಾಳ ನೆಟ್ಟು ಕುರ್ಚಿ ಹಾಕಿ ಕೂತಿದ್ದ ಹಿರಿಯರೊಬ್ಬರು ನನ್ನ ಬೈನಾಕ್ಯುಲರ್ ನೋಡಿ ಶುರು ಮಾಡಿದರು. ನೀವು ಹಕ್ಕಿಯವರಾ? ಮುಷ್ಟಿಯಷ್ಟಿರೋ ಹಕ್ಕಿಗೋಸ್ಕರ ಇಡೀ ಬೇಸಿಗೆ ನಮಗೆ ಬಾಗಿಲು ಹಾಕ್ತಾರೆ, ನಮ್ಮ ಅಪ್ಪನ ಕಾಲದಿಂದ ಅಲ್ಲೇ ಹಿಡೀತಿದ್ವಿ ಅಂದರು. ನಾನು ವಾದಕ್ಕೆ ಇಳಿಯಲಿಲ್ಲ, ಪಕ್ಕದಲ್ಲಿ ಕೂತೆ. ಸ್ವಲ್ಪ ಹೊತ್ತು ಅಲೆ ನೋಡಿದೆವು. ಹಗ್ಗದ ಆಚೆ ಕೆಂಪು ಕೊಕ್ಕಿನ ಆಯ್ಸ್ಟರ್‌ಕ್ಯಾಚರ್ ಒಂದು ಮೃದ್ವಂಗಿಯ ಚಿಪ್ಪು ಸೀಳಿ ಪಕ್ಕದ ಬೂದು ಮರಿಗೆ ತಿನ್ನಿಸುತ್ತಿತ್ತು. ಅದನ್ನೇ ತೋರಿಸಿ ಅವರು ಹೇಳಿದರು: "ಎರಡು ಮರಿ ಇತ್ತು. ನಿನ್ನೆಯಿಂದ ಒಂದೇ ಕಾಣ್ತಿದೆ. ಆ ಗಲ್ ಇದೆಯಲ್ಲ, ಕಂಬದ ಮೇಲೆ, ಅದರದ್ದೇ ಕೆಲಸ. ಬೆಳಿಗ್ಗೆಯಿಂದ ಎರಡು ಸಲ ಓಡಿಸಿದ್ದೀನಿ."